ಬಕೆಟ್ಟಿಗೆ ತೊಡಿಸಿದ ಬಳೆ

ಚೀಟಿಯಲ್ಲಿ ಎರಡೇ ಸಾಲಿದ್ದವು. ‘ಅಲಂಕಾರದ ಕೋಣೆ ಮುಚ್ಚು. ಅಲ್ಲಿರುವ ಆರೂ ಜನರನ್ನು ಗೋಡೆ ಕೆಲಸಕ್ಕೆ ಹಾಕು.’ ಪಾಲಿಶ್ ಅಕ್ಕ ಅದನ್ನು ಓದಿ, ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದಳು. ಮೇಜು ನೆಟ್ಟಗೆ ನಿಂತಿತು.

“ಇಷ್ಟಕ್ಕಾದ್ರೂ ಬಂತಲ್ಲ,” ಎಂದಳು.

ಆ ಕೋಣೆ, ಆ ಗೋಡೆ ಎರಡೂ ಇರುವುದು ಕಂಪ್ಯೂಟರಿನೊಳಗೆ. ಅಕ್ಕನ ಮೈದುನನ ಜೆರಾಕ್ಸ್ ಅಂಗಡಿಯ ಹಿಂದೆ, ಕಾಗದದ ಬಂಡಲುಗಳ ನಡುವೆ ಒಂದು ಹಳೆಯ ಯಂತ್ರವಿದೆ. ಭಾನುವಾರ ಮಧ್ಯಾಹ್ನ ಶಟರ್ ಎಳೆದ ಮೇಲೆ ನಾವು ನಾಲ್ವರು ಅಲ್ಲಿ ಸೇರಿ ಕೋಟೆ ಕಟ್ಟುವ ಆಟ ಆಡುತ್ತೇವೆ. ಅಕ್ಕ, ಮೈದುನ, ನಾನು, ಮತ್ತು ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ನಕ್ಷೆ ಬಿಡಿಸುವುದನ್ನು ಕಲಿಸಿ ನಿವೃತ್ತರಾದ ನಕ್ಷೆ ಮೇಷ್ಟ್ರು. ಕೋಟೆ ಒಂದೇ. ಸರದಿಯಂತೆ ಒಬ್ಬೊಬ್ಬರು ಆಟದ ಒಂದು ವರ್ಷ ಅದನ್ನು ಆಳಬೇಕು. ಯಾರ ಕೈಯಲ್ಲಿ ಕೋಟೆ ಬೀಳುತ್ತದೋ ಅವರು ಆಮೇಲೆ ಬರೀ ಕೂತು ನೋಡಬಹುದು, ಮೌಸ್ ಮುಟ್ಟುವಂತಿಲ್ಲ. ಈ ನಿಯಮ ಮೇಷ್ಟ್ರದ್ದು. ಪ್ರತಿ ವರ್ಷದ ಕೊನೆಗೆ ಒಂದು ಸಾಲು ಬರೆದಿಡುವ ನೀಲಿ ಪುಸ್ತಕವೂ ಅವರದ್ದೇ.

ಆ ಸಲ ಕೋಟೆಯಲ್ಲಿ ಕಬ್ಬಿಣ ಮುಗಿದಿತ್ತು. ಪಶ್ಚಿಮದ ಗೋಡೆ ಅರ್ಧಕ್ಕೆ ನಿಂತಿತ್ತು. ಹಿಂದಿನ ಚಳಿಗಾಲ, ಮೇಷ್ಟ್ರ ವರ್ಷದಲ್ಲಿ, ದಾಳಿಕೋರರು ಹದಿನೇಳು ಜನರನ್ನು ಕೊಂದು ಹೋಗಿದ್ದರು. ಈಗ ಸರದಿ ಅಕ್ಕನದು. ಆ ಚೀಟಿ ಮೇಷ್ಟ್ರು ತಮ್ಮ ವರ್ಷ ಮುಗಿಸಿ ಅವಳಿಗೆ ಬರೆದುಕೊಟ್ಟದ್ದು. ಬಿದ್ದರೆ ಅವಳ ಆಟ ಅಲ್ಲಿಗೆ ಮುಗಿಯಿತು.

ಅಕ್ಕ ಹತ್ತೊಂಬತ್ತು ವರ್ಷದಿಂದ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುತ್ತಾಳೆ. ಮೊಳೆಯ ತೂತಿಗೆ ಪುಟ್ಟಿ ತುಂಬಿ, ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿ, ಹತ್ತಿ ಸುತ್ತಿದ ಬಟ್ಟೆಯಲ್ಲಿ ಪಾಲಿಶ್ ಹಚ್ಚಿ, ಒಣಗಿಸಿ, ಮತ್ತೆ ಉಜ್ಜುತ್ತಾಳೆ. ಬಲಗೈ ಹೆಬ್ಬೆರಳು ಯಾವ ಸೋಪಿಗೂ ಜಗ್ಗದ ಕಂದು ಬಣ್ಣ. “ಕುರ್ಚಿ ಮಾಡೋನು ಬಡಗಿ. ನಿಂದೇನಿದ್ರೂ ಮೇಲ್ ಮೇಲಿಂದು,” ಎಂದು ಯಜಮಾನರು ಒಮ್ಮೆ ಎಲ್ಲರ ಮುಂದೆ ಹೇಳಿದ್ದರು. ಮರುದಿನ ಒಂದೇ ಮರದ, ಒಂದೇ ಬಡಗಿಯ ಎರಡು ಕುರ್ಚಿ ಮಳಿಗೆಗೆ ಹೋದವು. ಒಂದಕ್ಕೆ ಪಾಲಿಶ್ ಇತ್ತು, ಇನ್ನೊಂದಕ್ಕೆ ಅಕ್ಕ ಬೇಕೆಂದೇ ಹಚ್ಚಿರಲಿಲ್ಲ. ಮೊದಲನೆಯದು ಮೂರನೇ ದಿನಕ್ಕೆ ಮಾರಾಟವಾಯಿತು. ಎರಡನೆಯದು ಒಂದೂವರೆ ತಿಂಗಳು ಅಲ್ಲೇ ಕೂತು, ಕೊನೆಗೆ ಕಾವಲುಗಾರನ ಪಾಲಾಯಿತು. ಯಜಮಾನರು ಆ ಮಾತು ಮತ್ತೆ ಆಡಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ.

ಆಟದಲ್ಲಿ ಅಕ್ಕನ ಮೊದಲ ಹೆಜ್ಜೆಯೇ ಎಡವಟ್ಟಾಯಿತು. ಕತ್ತಿಗಳಿಗೆ ಮೂಳೆಯ ಪಟ್ಟಿ ಹಾಕಿ ಎಂದು, ಸಾಮಾನುಗಳಿಗೆ ಕುಸುರಿ ಮಾಡುವ ಅಲಂಕಾರದ ಕೋಣೆಗೆ ಆದೇಶ ಕೊಟ್ಟಿದ್ದಳು. ಆದರೆ ಕತ್ತಿಗಳನ್ನು ಬೇರೆ ಸಾಮಾನಿನಿಂದ ವಿಂಗಡಿಸಿ ಕೋಣೆಯ ಹತ್ತಿರ ಇಡಿಸಿರಲಿಲ್ಲ. ಈ ಆಟದ ಕಸುಬುದಾರರಿಗೆ ಕೈಗೆ ಹತ್ತಿರ ಯಾವುದಿದೆಯೋ ಅದೇ ವಸ್ತು. ಕೋಟೆಯಲ್ಲೇ ಅತ್ಯುತ್ತಮ ಕೈಯವನಾದ ಮುದುಕ, ಬಾಗಿಲ ಬಳಿ ಬಿದ್ದಿದ್ದ ನೀರು ಸೇದುವ ಬಕೆಟ್ಟನ್ನು ಎತ್ತಿಕೊಂಡು ಅದಕ್ಕೆ ಸುತ್ತಲೂ ಮೂಳೆಯ ಬಳೆ ಕೂರಿಸಿಬಿಟ್ಟ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಬಕೆಟ್ಟಿಗೆ ಬಳೆ ತೊಡಿಸಿದ್ದೀಯಲ್ಲಮ್ಮ! ಪೊರಕೆಗೆ ಓಲೆ ಯಾವಾಗ?”

“ಮೊರಕ್ಕೆ ಮೂಗುಬೊಟ್ಟು ಬಾಕಿ ಇದೆ,” ಎಂದು ಮೈದುನನೂ ಸೇರಿಸಿದ.

“ನೀನು ಬಾಯಿ ಮುಚ್ಕೊಂಡು ಟೀ ತಗೊಂಬಾ,” ಎಂದ ಅಕ್ಕ ಬಕೆಟ್ಟಿನ ಬೆಲೆ ತೆಗೆದು ನೋಡಿದಳು. ಹತ್ತು ಇದ್ದದ್ದು ನೂರ ಮೂವತ್ತಾಗಿತ್ತು.

ಅವಳು ನಗಲಿಲ್ಲ. ಚೀಲದಿಂದ ಪಾಲಿಶ್ ಅಳತೆ ಬರೆಯುವ ನೋಟ್‌ಬುಕ್ ತೆಗೆದಳು. ಅದೇ ಮುದುಕನಿಂದ, ಅದೇ ಬಗೆಯ ಮೂಳೆಯಿಂದ, ಒಂದು ಕತ್ತಿ, ಒಂದು ಕಲ್ಲಿನ ಲೋಟ, ಒಂದು ಪೀಪಾಯಿ, ಒಂದು ಬಾಗಿಲಿಗೆ ಪಟ್ಟಿ ಹಾಕಿಸಿದಳು. ನಾಲ್ಕಕ್ಕೂ ಏರಿದ್ದು ಸರಿಯಾಗಿ ನೂರ ಇಪ್ಪತ್ತೇ. ಆಮೇಲೆ ಕಲಿಕೆಯವನೊಬ್ಬನ ಕೈಯಲ್ಲಿ ಹಾಕಿಸಿದಳು. ಬರೀ ಹತ್ತು ಏರಿತು. ಅಂದರೆ ಕೆಳಗಿರುವ ವಸ್ತು ಯಾವುದಾದರೂ ಒಂದೇ. ಬೆಲೆ ಇರುವುದು ಕೈಯಲ್ಲಿ.

“ಹಾಗಾದ್ರೆ ಕತ್ತಿ ಯಾಕೆ ಹಾಳು ಮಾಡ್ಬೇಕು? ಬಕೆಟ್ಟೇ ಸಾಕು,” ಎಂದಳು. “ಮೂಳೆ, ತೊಗಲು, ತಾಮ್ರ, ಒಂದೊಂದು ಸುತ್ತು. ಮೂಳೆ ತೊಗಲು ಹೇಗೂ ಅಡುಗೆಮನೆ ಹಿಂದೆ ಎಸೀತಿದ್ದೀವಿ. ಮುನ್ನೂರ ಎಪ್ಪತ್ತಾಗತ್ತೆ. ವ್ಯಾಪಾರಿಗಳ ಹತ್ರ ಒಂದು ಕಬ್ಬಿಣದ ಕವಚ ಅಷ್ಟಕ್ಕೇ ಬರತ್ತೆ.”

ಮೇಷ್ಟ್ರ ನಗು ನಿಂತಿತು. “ನೋಡಮ್ಮ, ಕೋಟೆಯ ಒಟ್ಟು ಬೆಲೆ ಏರಿದಷ್ಟೂ ದಾಳಿಗೆ ಜನ ಹೆಚ್ಚು ಬರ್ತಾರೆ. ಅದಕ್ಕೇ ಮುಚ್ಚು ಅಂದಿದ್ದು.”

ಅದು ನಿಜವೇ. ಆಟದ ನಿಯಮ ಹಾಗೇ ಇದೆ.

“ಅವ್ರು ಬರೋದು ಚಳಿಗಾಲಕ್ಕೆ ಮೇಷ್ಟ್ರೇ. ವ್ಯಾಪಾರಿಗಳು ಅದಕ್ಕೂ ಮುಂಚೆ ಬರ್ತಾರೆ. ಬಕೆಟ್ಟು ಅಷ್ಟರಲ್ಲಿ ಹೋಗಿರತ್ತೆ.”

“ಬದಲಿಗೆ ಬರೋ ಕವಚಕ್ಕೆ ಬೆಲೆ ಇಲ್ವಾ?”

“ಇದೆ. ಆದ್ರೆ ಅದನ್ನ ಹಾಕ್ಕೊಂಡೋನು ತಿರುಗಿ ಹೊಡೀತಾನೆ.”

“ವ್ಯಾಪಾರಿಗಳು ಬರ್ದೇ ಇದ್ರೆ?”

“ಕೂತು ನೋಡ್ತೀನಿ. ನೀವು ಮೌಸ್ ಹಿಡೀರಿ.” ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. “ಗೋಡೆ ಕಟ್ಟೋ ಕೈ ಬೇರೆ, ಈ ಕೈ ಬೇರೆ. ಈ ಆರು ಜನರನ್ನ ಕಲ್ಲು ಹೊರೋಕೆ ಹಾಕಲ್ಲ. ಇದು ನನ್ನ ವರ್ಷ.”

ಮುಂದಿನ ಎರಡು ಭಾನುವಾರ ಅವಳು ಅದನ್ನೇ ಮಾಡಿದಳು. ಕಲಿಕೆಯವರು ಒಡೆದ ಪೀಪಾಯಿಗಳ ಮೇಲೆ ಕೈ ಪಳಗಿಸಿಕೊಂಡರು. ಬಕೆಟ್ಟುಗಳನ್ನು ಮಾತ್ರ ಕೋಣೆಯೊಳಗೆ ಬಿಡುವಂತೆ ದಾಸ್ತಾನು ವಿಂಗಡಿಸಿದ್ದರಿಂದ ಮೊದಲಿನ ಎಡವಟ್ಟು ಮತ್ತೆ ಆಗಲಿಲ್ಲ. ಐವತ್ತೆಂಟು ಬಕೆಟ್ಟು ಸಾಲಾಗಿ ನಿಂತವು. ಎಲೆ ಉದುರುವ ಕಾಲ ಶುರುವಾಯಿತು, ಅರ್ಧವಾಯಿತು. ವ್ಯಾಪಾರಿಗಳ ಸುಳಿವಿಲ್ಲ. ಕೋಟೆಯ ಬೆಲೆ ಮಾತ್ರ ಪರದೆಯ ಮೂಲೆಯಲ್ಲಿ ಹಿಂದೆಂದೂ ಇಲ್ಲದಷ್ಟು ಏರಿ ಕೂತಿತ್ತು. ಮೇಷ್ಟ್ರು ಪೆನ್ನಿನ ಕ್ಯಾಪ್ ಹಾಕಿ ತೆಗೆಯುತ್ತಿದ್ದರು. ಅಕ್ಕನ ಟೀ ಆರಿ ಕೆನೆ ಕಟ್ಟಿತು.

ಕಾಲ ಮುಗಿಯಲು ಒಂಬತ್ತು ದಿನ ಇದ್ದಾಗ ಗಾಡಿಗಳು ಕಾಣಿಸಿಕೊಂಡವು. ಐವತ್ತೆಂಟೂ ಬಕೆಟ್ಟು ಹೋದವು. ಇಪ್ಪತ್ತೆರಡು ಜನಕ್ಕಾಗುವಷ್ಟು ಕವಚ, ಶಿರಸ್ತ್ರಾಣ, ಈಟಿ ಒಳಗೆ ಬಂದವು. ಮುದುಕ ತಪ್ಪಿ ಮಾಡಿದ ಮೊದಲ ಬಕೆಟ್ಟನ್ನು ಅಕ್ಕ ಮಾರಲಿಲ್ಲ. ನೀರು ಸೇದಲು ಬಾವಿಯ ಬಳಿ ಇಡಿಸಿದಳು.

ದಾಳಿಕೋರರು ಹಿಂದಿನ ಸಲಕ್ಕಿಂತ ಹೆಚ್ಚು ಜನ ಬಂದರು. ಬಂದದ್ದೂ ಪಶ್ಚಿಮದಿಂದ, ಗೋಡೆ ಅರ್ಧಕ್ಕೆ ನಿಂತಿದ್ದ ಕಡೆಯಿಂದಲೇ. ಅಕ್ಕ ಇಪ್ಪತ್ತೆರಡು ಜನರನ್ನು ಆ ಸಂದಿನಲ್ಲಿ ಎರಡು ಸಾಲಾಗಿ ನಿಲ್ಲಿಸಿದಳು. ಮೊದಲ ಸಾಲು ಎರಡು ಸಲ ಹಿಂದೆ ಸರಿಯಿತು, ಮುರಿಯಲಿಲ್ಲ. ಕಾಲು ಗಂಟೆಯ ಬಳಿಕ ಉಳಿದ ದಾಳಿಕೋರರು ಕಾಡಿನತ್ತ ಓಡಿದರು. ನಮ್ಮ ಕಡೆ ಸತ್ತವರು ಮೂವರು.

ಮೇಷ್ಟ್ರು ನೀಲಿ ಪುಸ್ತಕ ತೆರೆದು ಬರೆದರು: ‘ಗೋಡೆ ಪೂರ್ತಿಯಾಗಲಿಲ್ಲ. ಅದೃಷ್ಟದಿಂದ ಕೋಟೆ ಉಳಿಯಿತು.’

ಅಕ್ಕ ಕೈ ಚಾಚಿದಳು. “ಪೆನ್ ಕೊಡಿ ಮೇಷ್ಟ್ರೇ.”

“ಈ ಪುಸ್ತಕದಲ್ಲಿ ಇದುವರೆಗೂ ಯಾರೂ ಗೀಟು ಹಾಕಿಲ್ಲಮ್ಮ.”

“ಇದುವರೆಗೂ ಇದ್ರಲ್ಲಿ ಯಾರೂ ಸುಳ್ಳು ಬರ್ದಿಲ್ಲ ಅಂತ ನಂಬಿದ್ದೆ.”

ಮೇಷ್ಟ್ರು ಮೈದುನನ ಮುಖ ನೋಡಿದರು. ಅವನು ಛಾವಣಿ ನೋಡುತ್ತಿದ್ದ. ಪೆನ್ನು ಕೈ ಬದಲಾಯಿಸಿತು. ಅಕ್ಕ ‘ಅದೃಷ್ಟದಿಂದ’ ಎಂಬ ಒಂದೇ ಪದಕ್ಕೆ ಗೀಟು ಎಳೆದು, ಮೇಲೆ ‘ಐವತ್ತೆಂಟು ಬಕೆಟ್ಟಿನಿಂದ’ ಎಂದು ಬರೆದಳು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಕೆಳಗೆ ಮುಂದಿನ ವರ್ಷದ ಸಾಲಿಗೆ ಗೆರೆ ಎಳೆದರು. ಅಳಿಸಲಿಲ್ಲ.

ಮುಂದಿನ ವರ್ಷ ಮೈದುನನದು. ಪದ್ಧತಿಯಂತೆ ಅಕ್ಕ ಅವನಿಗೆ ಚೀಟಿ ಬರೆದು ಕೊಟ್ಟಳು. ಮೂಲೆಯಲ್ಲಿ ಕಂದು ಹೆಬ್ಬೆರಳಿನ ಗುರುತು ಬಿದ್ದಿತ್ತು.

‘ಪಶ್ಚಿಮದ ಗೋಡೆ ಬಾಕಿ ಇದೆ. ಮೂವರು ಸತ್ತದ್ದು ಅಲ್ಲೇ, ಅದು ನನ್ನ ಲೆಕ್ಕಕ್ಕೆ. ಮೊದಲು ಅದನ್ನು ಕಟ್ಟಿಸು. ಅಲಂಕಾರದ ಕೋಣೆಯವರನ್ನು ಮುಟ್ಟಬೇಡ.’