ಕಂಪ್ಯೂಟರಿಗೆ ಕುಬ್ರಾ ಕಲಿಸಿದ್ದು

ಬೀರೂರಿನ ಸುತ್ತಮುತ್ತ ಮದುವೆಯಾಗಲಿ, ಸಾವಾಗಲಿ, ಮೊದಲ ಫೋನು ಹೋಗುವುದು ಹುಸೇನ್ ಸಾಬರ ಶಾಮಿಯಾನ ಅಂಗಡಿಗೇ! ಕುರ್ಚಿ, ಜಮಖಾನ, ಇಬ್ಬರು ಸೇರಿ ಎತ್ತಬೇಕಾದ ಅಡುಗೆಯ ಕೊಳಗ, ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಬಿ.ಕಾಂ. ಮುಗಿಸಿ ಗಲ್ಲಾದ ಮುಂದೆ ಕೂತ ಮಗಳು ಕುಬ್ರಾ ಕೆಲವೇ ದಿನಗಳಲ್ಲಿ ತಲೆ ಹಿಡಿದುಕೊಂಡಳು. ಒಂದು ಮದುವೆಗೆ ಹೋದ ಕೊಳಗ ಇನ್ನೊಂದು ಮದುವೆಯ ಹೊತ್ತಿಗೂ ವಾಪಸ್ ಬರುತ್ತಿರಲಿಲ್ಲ. ಬಾಡಿಗೆಯ ಮಾತಂತೂ ಬೇಡವೇ ಬೇಡ.

"ಕೇಳೋದಲ್ವಾ ಅಬ್ಬಾ?"

"ಹೆಂಗಮ್ಮಾ ಕೇಳ್ಲಿ? ಕರ್ದು ಹೋಳಿಗೆ ಊಟ ಹಾಕವ್ರೆ."

ಕುಬ್ರಾ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದಳು. ಗಡುವು ದಾಟಿದರೆ ತಾನಾಗಿಯೇ ವಿಳಂಬ ಶುಲ್ಕ, ತಾನಾಗಿಯೇ ಮೊಬೈಲಿಗೆ ಮೆಸೇಜು. ಆಮೇಲೆ ನೋಡಬೇಕಿತ್ತು, ಕೊಳಗಗಳು ಸಂಜೆ ಹಟ್ಟಿಗೆ ಮರಳುವ ದನಗಳ ಹಾಗೆ ಸಾಲಾಗಿ ಬಂದವು! ಯಾರ ಕೈಗೂ ಸಿಗದ ಕಡೂರಿನ ಅಡುಗೆ ಕಂಟ್ರಾಕ್ಟರ್ ರೇಣುಕಪ್ರಸಾದನೂ ಹಳೇ ಬಾಕಿ ತೀರಿಸಿದ. ಹುಸೇನ್ ಸಾಬರು ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ "ನನ್ನ ಮಗಳು" ಎನ್ನತೊಡಗಿದರು.

ಅಷ್ಟರಲ್ಲಿ ಪಂಚನಹಳ್ಳಿಯ ದೇವೀರಪ್ಪ ತೀರಿಕೊಂಡರು. ಪಾತ್ರೆ, ಕುರ್ಚಿ ಹೋದವು. ಸಾವಿನ ಮನೆಯವರನ್ನು ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಪಾತ್ರೆಯನ್ನೂ ಕೇಳಬಾರದು, ದುಡ್ಡನ್ನೂ ಕೇಳಬಾರದು ಎಂಬುದು ಹುಸೇನ್ ಸಾಬರ ರೂಢಿ. ಅದನ್ನು ಅವರು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಸುಮ್ಮನೆ ಪಾಲಿಸುತ್ತಿದ್ದರು. ಕಂಪ್ಯೂಟರಿಗೆ ಅದು ಗೊತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ದೇವೀರಪ್ಪನವರ ಮಗ ರುದ್ರಮೂರ್ತಿಯ ಫೋನು ಬಂತು.

"ಏನ್ ಸಾಬ್ರೇ! ನಮ್ಮಪ್ಪುನ್ನ ಮಣ್ಣು ಮಾಡಿದ ಕೈ ಇನ್ನೂ ಆರಿಲ್ಲ, ಆಗ್ಲೇ ದಂಡ ಹಾಕಿ ಮೆಸೇಜ್ ಕಳ್ಸೀರಲ್ಲಾ!"

ಸಾಬರು ಫೋನಿಟ್ಟರು. ಜಮಖಾನ ತಂದು ಕಂಪ್ಯೂಟರಿನ ಮೇಲೆ ಹೊದಿಸಿದರು. "ಹೋಗಿ ಇದುನ್ನ ತಂದಲ್ಲೇ ಕೊಟ್ಬಿಡಮ್ಮ. ಇಷ್ಟು ವರ್ಷದ ಹೆಸರು ಹೋಯ್ತು."

ಕುಬ್ರಾ ಸ್ಕೂಟರ್ ಹತ್ತಿ, ಕಡೂರು ದಾಟಿ, ನೇರವಾಗಿ ಪಂಚನಹಳ್ಳಿಗೇ ಹೋದಳು. ರುದ್ರಮೂರ್ತಿ ಬಾಗಿಲಲ್ಲೇ ಅಡ್ಡ ನಿಂತ.

"ತಪ್ಪನ್ನ ಮಿಷನ್ ಮೇಲೆ ಹಾಕ್ಬೇಡ ಕಣಮ್ಮ."

"ಇಲ್ಲಣ್ಣ, ತಪ್ಪು ನಂದೇ. ಅದುಕ್ಕೆ ನಾನು ಹೇಳ್ಕೊಟ್ಟಿರ್ಲಿಲ್ಲ. ಹೋದ ತಕ್ಷಣ ಶುಲ್ಕ ತೆಗ್ದಾಕ್ತೀನಿ. ಪಾತ್ರೆ ನಿಮಗೆ ಯಾವಾಗ ಬೇಡ್ವೋ ಅವಾಗ ಹೇಳಿ."

ಒಳಗಿನಿಂದ ದೇವೀರಪ್ಪನವರ ಹೆಂಡತಿ ದಾಕ್ಷಾಯಣಮ್ಮನ ದನಿ ಬಂತು. "ಬಿಡೋ ಆ ಹುಡ್ಗೀನ ಒಳಗೆ. ನಿಮ್ಮಪ್ಪ ಬದುಕಿದ್ದಾಗ ಯಾರ್ ಬಾಕಿ ಟೈಮಿಗೆ ಕೊಟ್ಟಿದ್ರು? ಹೋದ್ಮೇಲೂ ದಂಡ ಬಂದೈತೆ." ಹೇಳುತ್ತಲೇ ನಕ್ಕರು, ನಗುತ್ತಲೇ ಅತ್ತರು. ಕುಬ್ರಾ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ವಾಪಸ್ ಬಂದವಳೇ ಜಮಖಾನ ಎಳೆದಳು. ಸಾವಿನ ಮನೆಗೆ ಗಡುವು ಬೇಡ ಎಂದು ಫೋನು ಮಾಡಿದರೆ ಸಾಫ್ಟ್‌ವೇರ್ ಹೆಲ್ಪ್‌ಲೈನಿನ ಹುಡುಗ "ಗಡುವಿಲ್ಲದ ಬಿಲ್ಲು ಇರಲ್ಲ ಮೇಡಂ" ಅಂದ. "ಇರುತ್ತೆ, ನಮ್ಮೂರಲ್ಲಿ ಇರುತ್ತೆ. ಹೆಂಗೆ ಅಂತ ಹೇಳು" ಎಂದು ಅವನನ್ನು ಬಿಡದೆ ಕಾಡಿ ಗಿರಾಕಿಗಳನ್ನು ಬೇರೆ ಬೇರೆ ಗುಂಪು ಮಾಡಿದಳು. ಈಗ ಯಾವ ಕಾರ್ಯಕ್ಕೆ ಎಂದು ತುಂಬದೆ ಬಿಲ್ಲು ತೆರೆಯುವುದೇ ಇಲ್ಲ. 'ಸಾವಿನ ಮನೆ' ಎಂದು ತುಂಬಿದರೆ ಮೆಸೇಜಿಲ್ಲ, ಶುಲ್ಕವಿಲ್ಲ. ಗಡುವನ್ನು ಕುಬ್ರಾ ತಾನೇ ಹಾಕುತ್ತಾಳೆ, ಮನೆಯವರನ್ನು ಕೇಳಿಕೊಂಡು.

ಮತ್ತೆ ಕುರ್ಚಿ ಒಯ್ದು ಗಡುವು ದಾಟಿಸಿದ್ದ ರೇಣುಕಪ್ರಸಾದ ಸುದ್ದಿ ಕೇಳಿ ಓಡಿಬಂದ. "ನಂದೂ ಸಾವಿನ್ ಮನೆ ಅಂತ ಹಾಕವ್ವ."

"ಅಯ್ಯೋ, ಯಾರ್ ಹೋದ್ರಣ್ಣ?"

"ನಮ್ಮೆಮ್ಮೆ."

"ಎಮ್ಮೆಗೆ ನೂರು ಕುರ್ಚಿ ಯಾಕೆ ಬೇಕಿತ್ತಣ್ಣ?" ಎಂದು ಕುಬ್ರಾ ಶುಲ್ಕ ಸೇರಿಸಿಯೇ ರಸೀತಿ ಕೊಟ್ಟಳು. ಹುಸೇನ್ ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ವಾರ ಅಜ್ಜಂಪುರದ ಕಡೆಯಿಂದ ಒಂದು ಸಾವಿನ ಮನೆಯ ಫೋನು ಬಂತು. ಸಾಬರು ಸಮಾಧಾನದ ಮಾತು ಹೇಳಿ, ಬಾಡಿಗೆಯ ಮಾತು ಬಂದಾಗ "ಅದರ ಚಿಂತೆ ಈಗ ಬ್ಯಾಡ. ಲೆಕ್ಕ ಎಲ್ಲಾ ನಮ್ ಕುಬ್ರಾದು. ಅವ್ಳಿಗೆ ಗೊತ್ತೈತೆ" ಎಂದು ಫೋನನ್ನು ಮಗಳ ಕೈಗೆ ಕೊಟ್ಟರು.