ಷಡ್ಡಕನ ಪಿಸ್ತೂಲಿನ ನಳಿಗೆ

ಹಳೆಯ ಪಿಸ್ತೂಲಿಗೆ ಯಾರೋ ಬೇರೆ ನಳಿಗೆ ಕೂಡಿಸಿದ್ದರೆ ನಾನು ಒಂದೇ ನೋಟಕ್ಕೆ ಹೇಳಬಲ್ಲೆ. ಈ ವಿದ್ಯೆಯನ್ನು ನನಗೆ ಕಲಿಸಿದ್ದು ಹೊಟ್ಟೆಕಿಚ್ಚು. ಚಿತ್ತಾಪುರದ ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುವ, ಬೆಕ್ಕಿನ ಮೇಲೂ ಕೋಲೆತ್ತದ ನನಗೆ ಪಿಸ್ತೂಲಿನ ಗೊಡವೆ ಬೇರೆ ಯಾವ ದಾರಿಯಿಂದ ಬರಬೇಕು?

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಶರಣಪ್ಪನವರು, ಚಿಂಚೋಳಿ ಕಡೆಯ ಹೊಲಮನೆಯವರು. ನಿಜಾಮರ ಕಾಲದಲ್ಲಿ ಅವರ ಅಪ್ಪ ಕೊಂಡಿದ್ದ ವಿಲಾಯತಿ ಪಿಸ್ತೂಲೊಂದು, ಲೈಸೆನ್ಸಿನ ಸಮೇತ, ಅವರ ಪಾಲಿಗೆ ಬಂದಿತ್ತು. ದಸರೆಗೆ ನಾವಿಬ್ಬರು ಅಳಿಯಂದಿರೂ ಸೇಡಂನ ಮಾವನ ಮನೆಯಲ್ಲಿ ಸೇರುತ್ತಿದ್ದೆವು. ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಮಣೆಯ ನಟ್ಟನಡುವೆ ಅವರು ತಂದ ಆ ಪಿಸ್ತೂಲು, ಅದಕ್ಕೊಂದು ಚೆಂಡುಹೂವಿನ ಸರ. ಸುತ್ತ ಕೊಡಲಿ, ಕುಡುಗೋಲು. ನನ್ನ ಪೆನ್ನು ಅತ್ತೆಯ ಈಳಿಗೆಯ ಪಕ್ಕದಲ್ಲಿ. ಕುಂಕುಮ ಉಳಿದರೆ ಒಂದು ಬೊಟ್ಟು. ಬಂದ ನೆರೆಯವರೆಲ್ಲ "ಇದು ದೊಡ್ಡ ಅಳಿಯಾಂದು" ಎಂದು ಪಿಸ್ತೂಲು ನೋಡಿ ಹೋಗುತ್ತಿದ್ದರು. ಪೆನ್ನು ಯಾರದೆಂದು ಒಬ್ಬರೂ ಕೇಳಲಿಲ್ಲ. ಆ ಮನೆಯಲ್ಲಿ ನನ್ನ ಸ್ಥಾನ ಎಲ್ಲಿ ಎಂಬುದನ್ನು ವರ್ಷಕ್ಕೊಮ್ಮೆ ಆ ಮಣೆಯೇ ತೋರಿಸಿಕೊಡುತ್ತಿತ್ತು.

ಹಿರಿಯರು ಆರು ವೈರಿಗಳನ್ನು ಎಣಿಸುವಾಗ ಮಾತ್ಸರ್ಯವನ್ನು ಕೊನೆಗಿಟ್ಟಿದ್ದಾರೆ. ಕಾಮಕ್ರೋಧಗಳೆಲ್ಲ ಉಂಡೆದ್ದ ಮೇಲೆ ಎಲೆ ಹಾಕಿಸಿಕೊಳ್ಳುವ ಸಣ್ಣ ಅಳಿಯ ಅದು ಎಂದು ನನ್ನ ವ್ಯಾಖ್ಯಾನ. ಆದರೆ ಕಾಮಕ್ಕೆ ಕಣ್ಣಿಲ್ಲ, ಕ್ರೋಧಕ್ಕೂ ಇಲ್ಲ. ಮಾತ್ಸರ್ಯಕ್ಕೆ ಮಾತ್ರ ಮೈಯೆಲ್ಲ ಕಣ್ಣು.

ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಗಾಡಿ ತಡವಾಯಿತು. ಪೊಲೀಸರ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ಶಹಾಬಾದಿನ ಸಾಹೇಬರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಮಾತು ಪಿಸ್ತೂಲಿಗೆ ತಿರುಗಿತು; ತಿರುಗಿಸಿದವನು ನಾನೇ.

"ಮೈ ಮ್ಯಾಲಿನ ನಂಬರ್ ನಳಿಗಿ ಮ್ಯಾಲೂ ಇರಬೇಕ್ರಿ," ಎಂದರು ಅವರು. "ಕಂಪನಿ ಠಸ್ಸೆ ಇಲ್ಲಂದ್ರ ಯಾರೋ ಕೈಲೆ ಮಾಡಿ ಕೂಡಿಸ್ಯಾರ ಅಂತ ತಿಳೀರಿ."

ಪಿಸ್ತೂಲೆಲ್ಲ ಒಂದೇ ವಯಸ್ಸಿನದಾಗಿದ್ದರೆ ಅದರ ಕಪ್ಪು ಎಲ್ಲ ಕಡೆ ಒಂದೇ ಸಮ ಮಾಸಿರುತ್ತದೆ, ಉಜ್ಜಿದ ಗೆರೆಗಳು ಒಂದಕ್ಕೊಂದು ಕೂಡುತ್ತವೆ ಎಂದೂ ತಿಳಿಸಿದರು. ಬಲ್ಲವರು ಕೈಯಿಂದ ಮಾಡಿದ ನಳಿಗೆ ಕೆಲವೊಮ್ಮೆ ಅಸಲಿಗಿಂತ ಚೆನ್ನಾಗಿರುತ್ತದೆ ಎಂದೂ ಕೊನೆಗೆ ಹೇಳಿದರು. ಆ ಹೊತ್ತಿಗೆ ನಾನು ಗಾಡಿ ಬಂತೇನೋ ಎಂದು ನೋಡುತ್ತಿದ್ದೆ.

ಮುಂದಿನ ದಸರೆಗೆ, "ಈ ಸಲ ನಾ ಒರಸ್ತೀನಿ, ಕೊಡ್ರಿ," ಎಂದು ಮುಂದಾದೆ. ಗುಂಡಿಲ್ಲವೆಂದು ತೆರೆದು ತೋರಿಸಿ ಶರಣಪ್ಪನವರು ಕೈಗಿತ್ತರು. ಮೈಮೇಲೆ ನಂಬರಿತ್ತು. ನಳಿಗೆ ಬೋಳು. ಮೈ ಮಾಸಿ ಬೂದುಬಣ್ಣಕ್ಕೆ ತಿರುಗಿತ್ತು, ನಳಿಗೆ ಮಾತ್ರ ಈಗಷ್ಟೇ ಎಣ್ಣೆ ಹಚ್ಚಿದ ಹಂಚಿನಂತೆ ಕಪ್ಪಗಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿಗೆ ಹೇಳಬೇಡಿ. ಮಾವ, ಅತ್ತೆ, ನೆರೆಯವರು ಎಲ್ಲ ಕೂಡುವವರೆಗೆ ಕಾದು ಗಂಟಲು ಸರಿಮಾಡಿಕೊಂಡೆ.

"ನಳಿಗಿ ಅಸಲದ್ದಲ್ರಿ ಇದು. ಬ್ಯಾರೇದು ಕೂಡಿಸ್ಯಾರ," ಎಂದು ಸಾಕ್ಷಿಗಳನ್ನು ಒಂದೊಂದಾಗಿ ತೋರಿಸಿದೆ.

ಅತ್ತೆ ಕುಂಕುಮದ ಭರಣಿ ಹಿಡಿದುಕೊಂಡೇ ಬಗ್ಗಿ ನೋಡಿದರು. "ಅದಕ್ಕೇನಾತು? ಬ್ಯಾರೆ ಮನಿಯಿಂದ ಬಂದು ಕೂಡಿಕೊಂಡದ, ನಮ್ಮ ಅಳಿಯಂದಿರ ಹಂಗ," ಎಂದು ನಳಿಗೆಗೇ ಬೇರೆ ಒಂದು ಬೊಟ್ಟು ಇಟ್ಟರು.

ನಾನು ಶರಣಪ್ಪನವರ ಮುಖ ಸಣ್ಣದಾಗುವುದನ್ನು ಕಾಯುತ್ತಿದ್ದೆ. ಅವರು ಪಿಸ್ತೂಲನ್ನು ತಿರುಗಿಸಿ ನೋಡಿ ನಕ್ಕರು.

"ನಾ ಹುಟ್ಟಿದಾಗಿಂದ ಮನ್ಯಾಗದ, ಒಮ್ಮಿನೂ ಇಷ್ಟು ನೆದರಿಟ್ಟು ನೋಡಿಲ್ಲ ನೋಡ್ರಿ. ಮಾಸ್ತರಿಗೆ ಇದರ ಮ್ಯಾಲ ಭಾಳ ಪ್ರೀತಿ ಅದ. ಇನ್ನ ಮ್ಯಾಲ ವರ್ಷಾ ಇವರ ಕೈಲೇ ಪೂಜಿಗೆ ಇಡಸೋಣು."

ಹೀಗೆ ಮಣೆಯ ನಡುವೆ ಪಿಸ್ತೂಲಿಟ್ಟು ಹೂ ಏರಿಸುವ ಮಾನ ನನ್ನದಾಯಿತು. "ಅದನ್ನ ಸಣ್ಣ ಅಳಿಯಾನೇ ಇಡಬೇಕು" ಎಂದು ನೆರೆಯವರೂ ಹೇಳತೊಡಗಿದರು. ನಾನು ಬಯಸಿದ ಸ್ಥಾನ ಸಿಕ್ಕಿತು, ಪಿಸ್ತೂಲಿನ ಮೇಲಿನ ಕಿಚ್ಚೂ ಆರಿತು. ಈಗ ಹೊಟ್ಟೆ ಉರಿಯುತ್ತಿರುವುದು ಆ ಮನುಷ್ಯನ ಸಮಾಧಾನ ಕಂಡು. ಆ ಸಮಾಧಾನದಲ್ಲಿ ಎಲ್ಲಾದರೂ ಬೇರೆ ತುಂಡು ಕೂಡಿಸಿದ ಗುರುತು ಸಿಕ್ಕೀತೆಂದು ಪ್ರತಿ ದಸರೆಗೂ ತಿರುತಿರುಗಿ ನೋಡುತ್ತೇನೆ. ಅದು ಮಾತ್ರ ಎಲ್ಲಿ ನೋಡಿದರೂ ಅಸಲೇ.