ನೋಡಿ ಸುಮ್ಮನಿದ್ದವರಿಗೆ ಎರಡು ಪಿರಿಯಡ್

ಮೊನ್ನೆ ನಮ್ಮೂರ ಶಾಲೆಯ ಸಿಪಾಯಿ ಬಗಲಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಬಾಗಿಲಿಗೆ ಬಂದ. ಶಾಲೆಯ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯೆ. ಸಭೆಯಲ್ಲಿ ಏನೇನು ತೀರ್ಮಾನವಾಯಿತೆಂದು ಬರೆದಿಡುವ ಠರಾವು ಪುಸ್ತಕಕ್ಕೆ ನನ್ನ ಸಹಿ ಬೇಕಿತ್ತಂತೆ. ಪುಸ್ತಕ ಬಿಚ್ಚಿದ್ದೇ ತಡ, ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಮಾಸ್ತರರು ನೆನಪಾದರು... ನೆನಪಿನ ಹಿಂದೆಯೇ ಸಿಟ್ಟೂ ಬಂತು.

ಸಿಂದಗಿ ರಸ್ತೆಗೆ ಹೊಂದಿಕೊಂಡಿರುವ ಇದೇ ಶಾಲೆಯಲ್ಲಿ ಅವರು ನಮಗೆ ಕಲಿಸಿದವರು. ಅವರದೊಂದು ಕಾಯಿದೆ ಇತ್ತು. ತಪ್ಪು ಮಾಡಿದವರು ಒಂದು ಪಿರಿಯಡ್ ನಿಲ್ಲಬೇಕು, ನೋಡಿ ಸುಮ್ಮನಿದ್ದವರು ಎರಡು ಪಿರಿಯಡ್. ಒಮ್ಮೆ ನನ್ನ ಗೆಳತಿ ನೀರಿನ ಹರವಿ ಒಡೆದಳು. ನಾನು ಕಂಡರೂ ಬಾಯಿ ಬಿಡಲಿಲ್ಲ. ಒಡೆದವಳು ಬೇಗ ಕುಳಿತಳು, ನಾನು ಕಾಲು ಸೇದುವವರೆಗೂ ನಿಂತೆ. ಇದೆಂಥ ನ್ಯಾಯ ಎಂದು ಅವ್ವನ ಮುಂದೆ ಅತ್ತಿದ್ದೆ.

ನಿವೃತ್ತರಾದ ಮೇಲೆ ಊರವರು ಅವರನ್ನು ಪಂಚಾಯ್ತಿಗೆ ನಿಲ್ಲಿಸಿ ಗೆಲ್ಲಿಸಿದರು. ಅಲ್ಲಿ ಸಭೆ ಆಗುವುದು ಅಪರೂಪ. ಪಂಚಾಯ್ತಿಯ ಸಿಪಾಯಿ ಠರಾವು ಪುಸ್ತಕ ಹೊತ್ತು ಮನೆಮನೆಗೆ ತಿರುಗುತ್ತಿದ್ದ. ಸದಸ್ಯರು ಚಹಾ ಕುಡಿಯುತ್ತ ಖಾಲಿ ಹಾಳೆಯ ಕೆಳಗೆ ಸಹಿ ಹಾಕುತ್ತಿದ್ದರು, ಮೇಲಿನದನ್ನು ಆಫೀಸಿನವರು ಆಮೇಲೆ ತುಂಬಿಕೊಳ್ಳುತ್ತಿದ್ದರು. ನಮ್ಮ ನೋಟುಬುಕ್ಕಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದ ಮನುಷ್ಯ, ಅಲ್ಲಿ ಏನು ಬರೆಯುತ್ತಾರೆಂದೂ ಕೇಳದೆ ಸಹಿ ಹಾಕುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನಕ್ಕೆ ಮುಂಚೆ, ಹೊಲದಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಜೀಪು ಬಡಿದು, ನಿಲ್ಲದೆ ಹೋಯಿತು. ಹರವಿ ಒಡೆದಿದ್ದಳಲ್ಲ, ಆ ನನ್ನ ಗೆಳತಿಯ ತಾಯಿ ಆಕೆ. ಮೂರನೆಯ ದಿನ ತೀರಿಕೊಂಡಳು. ಜೀಪು ಬಡಿದ ದಿನವೇ ಮಾಸ್ತರರು ಗೋಡೆಯಾಚೆಯಿಂದ ನನಗೂ ಅವ್ವನಿಗೂ ಹೇಳಿದ್ದರು: ಪಂಚಾಯ್ತಿ ಅಧ್ಯಕ್ಷನ ಜೀಪು ನಮ್ಮ ಓಣಿಯಲ್ಲೇ ಹಾದುಹೋಯಿತು, ಅವನೇ ಓಡಿಸುತ್ತಿದ್ದ, ಮುಂದಿನ ದೀಪ ಒಡೆದಿತ್ತು ಎಂದು.

ಆ ಹೊತ್ತಿನಲ್ಲಿ ಅಧ್ಯಕ್ಷ ಎಲ್ಲಿದ್ದನೆಂದು ಪೊಲೀಸರು ಕೇಳಿದಾಗ ಪಂಚಾಯ್ತಿಯಿಂದ ಪುಸ್ತಕ ಹೊರಬಂತು. ಆ ಮಂಗಳವಾರ ಮುಂಜಾನೆಯಿಂದ ಒಂದು ಗಂಟೆಯವರೆಗೆ ಅಧ್ಯಕ್ಷರ ಮುಂದಾಳತ್ವದಲ್ಲಿ ಸಭೆ ನಡೆಯಿತೆಂದು ಅದರಲ್ಲಿ ಬರೆದಿತ್ತು. ಕೆಳಗೆ ಎಲ್ಲ ಸದಸ್ಯರ ಸಹಿ. ನಾಲ್ಕನೆಯದು ಮಾಸ್ತರರದು, ಅದೇ ದುಂಡನೆಯ ಅಕ್ಷರ.

ಗೆಳತಿ ಅವರ ಕಟ್ಟೆಗೆ ಬಂದಳು. ನಾನೂ ಅಲ್ಲೇ ಇದ್ದೆ.

"ಸರ್, ಅವತ್ತ ಮೀಟಿಂಗ್ ಆಗಿದ್ದಿಲ್ಲ ಅಂತ ಇಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಸಹಿ ನಂದೈತಿ ತಂಗಿ. ಈಗ ಇಲ್ಲಂತ ಹ್ಯಾಂಗ ಹೇಳ್ಲಿ?"

ಅವಳು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ, ಅವರ ಕಾಯಿದೆಯನ್ನು ಅವರಿಗೇ ನೆನಪಿಸಿದೆ. ಅವರು ಅಂದದ್ದಿಷ್ಟೆ: "ದಿನಾ ಕೂಡಿ ಕುಂಡ್ರೋ ಮಂದಿ ಅವ್ವಾ. ನಮ್ಮವರನ್ನ ನಾವ ಹ್ಯಾಂಗ ಹಿಡಕೊಡೂದು?"

ಸಭೆ ನಡೆದಿಲ್ಲವೆಂದು ಎಲ್ಲ ಸದಸ್ಯರಿಗೂ ಗೊತ್ತಿತ್ತು. ಒಬ್ಬರಾದರೂ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ. ಜೊತೆಯವನ ಅಪರಾಧವನ್ನು ಆರಿಸಿ ಬಂದವರು ತಿಳಿಸಲೇಬೇಕೆಂದು ಕಾನೂನಿದೆಯೋ ಇಲ್ಲವೋ, ನನಗೆ ತಿಳಿಯದು. ಆದರೆ ಕೈಮುಗಿದು ಓಟು ಕೇಳುವಾಗ ಆ ತಾಯಿಯ ಹೊಸ್ತಿಲಿಗೂ ಹೋಗಿದ್ದರಲ್ಲ! ಸತ್ತವಳು ನಮ್ಮವಳಲ್ಲವೇ?

ಕೇಸು ಮುಚ್ಚಿತು. ಅಂದಿನಿಂದ ಮಾಸ್ತರರದೊಂದು ರೂಢಿ ಶುರುವಾಯಿತು. ಗೆಳತಿ ಓಣಿಯಲ್ಲಿ ಹಾದುಹೋದರೆ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೂ ಕಂಬ ಹಿಡಿದು ಏಳುತ್ತಿದ್ದರು, ಅವಳು ತಿರುವು ದಾಟುವವರೆಗೂ ಕುಳಿತುಕೊಳ್ಳುತ್ತಿರಲಿಲ್ಲ. ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ. ಕಟ್ಟೆಯ ಮೇಲೆ ನಿಂತು ಏನು ಬಂತು, ನಿಲ್ಲಬೇಕಾದದ್ದು ಕೋರ್ಟಿನಲ್ಲಿ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವರು... ಮಣ್ಣಿಗೆ ಹೋದೆ, ಅಳು ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಇಷ್ಟೆಲ್ಲ ನೆನೆದು ತಲೆಯೆತ್ತಿದರೆ ಸಿಪಾಯಿ ಇನ್ನೂ ನಿಂತೇ ಇದ್ದ. ಈ ಸಭೆ ಯಾವಾಗ ಆಯಿತೆಂದು ಕೇಳಿದೆ.

"ಆಗಿಲ್ರಿ ಅಕ್ಕಾರ. ಆಮ್ಯಾಲ ಬರಕೋತಾರ್ರಿ," ಎಂದು ನಕ್ಕ.

ಸಹಿ ಹಾಕುವುದಿಲ್ಲ ಎಂದೆ. ಪಾಪ, ಅವನಿಗೆ ಆಶ್ಚರ್ಯವಾಯಿತು. ಒಂದು ಹಾಳೆ ಹಿಂದಕ್ಕೆ ತಿರುವಿ, ಬೆರಳಿಟ್ಟು ತೋರಿಸಿದ. ಹೋದ ತಿಂಗಳ ಸಭೆ, ಹಾಳೆಯ ತುಂಬ ಯಾರೋ ಏನೇನೋ ಬರೆದಿದ್ದರು. ಕೆಳಗೆ ನಾಲ್ಕನೆಯದು ನನ್ನ ಸಹಿ. ಮಾಸ್ತರರು ಕಲಿಸಿದ ಅದೇ ದುಂಡನೆಯ ಅಕ್ಷರ.

ಆ ಸಭೆಗೂ ನಾನು ಹೋಗಿರಲಿಲ್ಲ.